ಬದುವಿನ ಮೇಲಿನ ಬಜ್ಜಿ ಎಣ್ಣೆ

ಮೇಲೂರಿನ ಆಂಜಿನಮ್ಮನ ರೇಷ್ಮೆ ಹುಳುಗಳು ಕೊನೆಯ ಪೊರೆ ಕಳಚಿ ನಾಲ್ಕನೇ ಜ್ವರದಿಂದ ಎದ್ದಿದ್ದವು. ಇನ್ನೊಂದು ವಾರ ಹೊಟ್ಟೆತುಂಬ ಸೊಪ್ಪು ತಿಂದರೆ ಗೂಡು ಕಟ್ಟುತ್ತವೆ. ಅಷ್ಟರಲ್ಲಿ ಈ ಹಾಳು ಬಸವನಹುಳುಗಳು ಹಿಪ್ಪುನೇರಳೆ ತೋಟಕ್ಕೆ ನುಗ್ಗಬೇಕೇ! ಉಪ್ಪು ಸುರಿದಳು, ಕಲ್ಲಲ್ಲಿ ಜಜ್ಜಿದಳು, ಬೆಳಗಾದರೆ ಮತ್ತೆ ಅಷ್ಟೇ. ಕೊನೆಗೆ ಮಗಳು ತನುಜ ಚಿಂತಾಮಣಿಯ ಬಜ್ಜಿ ಅಂಗಡಿಯಲ್ಲಿ ಕರಿದು ಮಿಕ್ಕ ಎಣ್ಣೆಯನ್ನು ಡಬ್ಬದಲ್ಲಿ ತಂದಳು. ಗೋಣಿತಾಟನ್ನು ಅದರಲ್ಲಿ ಅದ್ದಿ ಬದುವಿನುದ್ದಕ್ಕೂ ಹಾಸಿದರು. ಒಂದೂ ದಾಟಲಿಲ್ಲ.

"ಎಣ್ಣೆ ಕೈಯಲ್ಲಿ ಹುಳುಮನೆಗೆ ಬಂದೀಯ, ಕೈ ಮುರಿತೀನಿ" ಎಂದು ಆಂಜಿನಮ್ಮ ಮಗಳನ್ನು ಗದರಿದ್ದಳು. ಎಣ್ಣೆ ತಾಗಿದರೆ ರೇಷ್ಮೆ ಹುಳು ಉಸಿರುಕಟ್ಟಿ ಸಾಯುತ್ತದೆ.

ಮೂರನೆಯ ದಿನ ಬೆಳಿಗ್ಗೆ ಆಂಜಿನಮ್ಮ ಗೋಣಿಗೆ ಎಣ್ಣೆ ಹಾಕುತ್ತಿದ್ದಾಗ ಪಕ್ಕದ ತೋಟದ ಮೈದುನ ಕೋನಪ್ಪ ಬುಟ್ಟಿ ಹೊತ್ತು ಬಂದ.

"ನಿನ್ನೆಣ್ಣೆ ದೆಸೆಯಿಂದ ಎಲ್ಲಾ ನನ್ನ ತೋಟಕ್ಕೆ ಬಿದ್ದವೆ ಅತ್ತಿಗೆ. ತಗೋ, ನೀನೇ ಸಾಕ್ಕೋ" ಎಂದು ಬುಟ್ಟಿಯನ್ನು ಅವಳ ಸಾಲಿನಲ್ಲಿ ಬೋರಲು ಹಾಕಿದ. ನೂರಾರು ಬಸವನಹುಳುಗಳು ಉರುಳಿದವು.

"ಮರ್ಯಾದೆಯಾಗಿ ಎತ್ಕೊಳ್ಳಪ್ಪ."

"ಎತ್ತಲ್ಲ. ಏನ್ಮಾಡ್ತೀಯ?"

ಡಬ್ಬ ಎತ್ತಿ ಮುಖಕ್ಕೇ ಬಾರಿಸಿದಳು. ಎಣ್ಣೆ ಇಬ್ಬರ ಮೈಮೇಲೂ ಚೆಲ್ಲಿತು. ಅವನು ಜುಟ್ಟು ಹಿಡಿದು ಅವಳನ್ನು ನೆಲಕ್ಕೆ ಕೆಡವಿದ. ಚಿಪ್ಪುಗಳು ಅವಳ ಕೆನ್ನೆಯಡಿ ಪಟಪಟ ಒಡೆದವು. ಅವಳ ಕೈಗೆ ಸೊಪ್ಪು ಕೊಯ್ಯುವ ಕುಡುಗೋಲು ಸಿಕ್ಕಿತು. ಬೀಸಿದಳು. ಕೋನಪ್ಪನ ತೋಳು ಮೊಣಕೈಯಿಂದ ಮಣಿಕಟ್ಟಿನವರೆಗೆ ಸೀಳಿತು. ರಕ್ತ ಸುರಿಸುತ್ತ ಅವನು ಓಡಿದ. ಕೂಗು ಕೇಳಿ ಬಂದ ತನುಜ ಚಿಕ್ಕಪ್ಪನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋದಳು.

ಆಂಜಿನಮ್ಮ ಉಳಿದ ಬಸವನಹುಳುಗಳನ್ನು ಒಂದೊಂದಾಗಿ ಹಿಮ್ಮಡಿಯಲ್ಲಿ ಅರೆದಳು. ಸುಳ್ಳೇಕೆ, ಅವಳಿಗೆ ಹಿತವಾಗಿಯೇ ಇತ್ತು. ಆಮೇಲೆ ನೆನಪಾಯಿತು, ಸೊಪ್ಪು ಹಾಕುವ ಹೊತ್ತು ಮೀರಿತ್ತು. ಹಸಿದಿರುತ್ತವಲ್ಲ ಎಂದು ದಡಬಡನೆ ಸೊಪ್ಪು ಕೊಯ್ದು, ತಬ್ಬಿ ಹೊತ್ತು ಹುಳುಮನೆಗೆ ನುಗ್ಗಿದಳು. ಬಾಗಿಲಲ್ಲಿ ಕೈತೊಳೆಯಲೆಂದೇ ಇಟ್ಟ ಬ್ಲೀಚಿಂಗ್ ನೀರಿನ ಬಕೆಟ್ಟು ಹದಿನೈದು ವರ್ಷದಿಂದ ಅಲ್ಲೇ ಇತ್ತು. ಅದನ್ನು ಮುಟ್ಟದೆ ಅವಳು ಒಳಗೆ ಹೋದದ್ದು ಅದೊಂದೇ ದಿನ. ಬಾಯಲ್ಲಿ ಇನ್ನೂ ಮೈದುನನಿಗೆ ಬೈಗುಳ, ಕೈಯಲ್ಲಿ ಸೊಪ್ಪು. ತಟ್ಟೆ ತಟ್ಟೆಗೂ ಒತ್ತಿ ಒತ್ತಿ ಹರಡಿದಳು.

ಸಂಜೆ, ಕೋನಪ್ಪನಿಗೆ ಹೊಲಿಗೆ ಹಾಕಿಸಿ ಬಂದ ತನುಜ ಕೈತೊಳೆದು ಹುಳುಮನೆಯ ಬಾಗಿಲು ತೆರೆದಳು. ಹುಳುಗಳು ಹಸಿರು ರಸ ಕಕ್ಕುತ್ತ, ಮುರುಟಿಕೊಂಡು ತಟ್ಟೆಗಳಿಂದ ಬೀಳುತ್ತಿದ್ದವು. ಅರ್ಧಕ್ಕರ್ಧ ಆಗಲೇ ಕಪ್ಪಾಗಿದ್ದವು. ಅವಳು ಒಂದು ಎಲೆ ಎತ್ತಿ ಮೂಸಿದಳು.

"ಅಮ್ಮಾ, ಕೈ ತೊಳ್ಕೊಂಡಿದ್ಯಾ?"

ಬಾಗಿಲಿಗೆ ಬಂದ ಆಂಜಿನಮ್ಮ ತನ್ನ ಕೈ ನೋಡಿಕೊಂಡಳು. ಒಣಗಿದ ರಕ್ತದ ಮೇಲೆ ಎಣ್ಣೆ ಇನ್ನೂ ಹೊಳೆಯುತ್ತಿತ್ತು. ಎರಡೂ ಕೈಗಳನ್ನು ಮಗಳ ಮುಂದೆ ಚಾಚಿದಳು.

"ಮುರಿದಾಕಮ್ಮ" ಎಂದಳು.