ಸಕ್ರವ್ವನ ಕಲ್ಲು, ನನ್ನ ಒಲೆ

ಕೆರೂರಿನ ನಮ್ಮ ರೊಟ್ಟಿ ಕೇಂದ್ರದಲ್ಲಿ ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಕೈ ಹಾಕುವಂತಿಲ್ಲ. ಸಾಲಿಯಲ್ಲಿ ಪಾಠ ಹೇಳಿ ನಿವೃತ್ತರಾಗಿ ಇದನ್ನು ಶುರು ಮಾಡಿದ ಕುಮುದಿನಿ ಅಕ್ಕೋರು ಮೊದಲ ದಿನವೇ ಕೆಲಸ ಹಂಚಿಬಿಟ್ಟಿದ್ದರು. ರೂಬಿ ಹಿಟ್ಟು ನಾದಬೇಕು, ಸಕ್ರವ್ವ ಕಲ್ಲಿನ ಮೇಲೆ ಬಡಿಯಬೇಕು, ನಾನು ಬೇಯಿಸಬೇಕು. ಊರಿನವರು ಹೊಗಳುವುದು ಮಾತ್ರ ಬಡಿಯುವವಳನ್ನು. ‘ಸಕ್ರವ್ವನ ರೊಟ್ಟಿ’ ಅಂತಲೇ ಹೆಸರಾಗಿದೆ. ಒಲೆ ಮುಂದೆ ಬೇಯುವವಳು ಈ ಮಾಯಾ, ಹೆಸರು ಅವಳದು! ಹೊಟ್ಟೆ ಉರಿಯದೆ ಇರುತ್ತದೆಯೇ? ಒಂದು ದಿನ ನನ್ನನ್ನೂ ಕಲ್ಲಿನ ಮುಂದೆ ಕೂರಿಸು ಎಂದರೆ, ನಿನ್ನ ಕೈ ಹಂಚಿಗೇ ಸರಿ ಎಂದು ಸಕ್ರವ್ವ ನಗುತ್ತಿದ್ದಳು.

ವಿದ್ಯಾಗಿರಿಯ ಮದುವೆಯೊಂದಕ್ಕೆ ರೊಟ್ಟಿ ಕಳಿಸುವ ದಿನ, ಸಕ್ರವ್ವ ಬಾಗಿಲಲ್ಲೇ ಜಾರಿ ಎಡಗೈ ಉಳುಕಿಸಿಕೊಂಡಳು. ಮಧ್ಯಾಹ್ನಕ್ಕೆ ಟೆಂಪೊ ಬರುವುದಿತ್ತು. ಅಕ್ಕೋರು ಕಂಗಾಲಾದರು. ನನಗೂ ಪಾಪ ಅನ್ನಿಸಿತು, ಆದರೆ ಎದೆ ಒಳಗೊಳಗೇ ಕುಣಿಯುತ್ತಿತ್ತು.

“ನಾ ಬಡೀತೇನ್ರಿ ಅಕ್ಕೋರ,” ಎಂದೆ.

ಒಂದೇ ಕೈಯಲ್ಲಿ ಬಡಿಯಲಾಗದು, ಬೇಯಿಸಬಹುದು. ಸಕ್ರವ್ವ ಗೊಣಗುತ್ತ ಒಲೆ ಮುಂದೆ ಕೂತಳು. ನಾನು ಸೆರಗು ಸಿಕ್ಕಿಸಿ ಕಲ್ಲಿನ ಮುಂದೆ ಕೂತೆ. ಮೊದಲ ರೊಟ್ಟಿಯ ಅಂಚು ಬಿರಿಯಿತು. ಎರಡನೆಯದು ಕಲ್ಲಿಗೇ ಕಚ್ಚಿಕೊಂಡಿತು. ಒಣಹಿಟ್ಟು ಉದುರಿಸಿ ತಿರುಗಿಸುತ್ತ ಬಡಿ ಎಂದು ಸಕ್ರವ್ವ ಅಲ್ಲಿಂದಲೇ ಹೇಳಿದಳು. ಆಮೇಲೆ ಕೈಗೆ ತಾಳ ಸಿಕ್ಕಿತು ನೋಡಿ! ರೊಟ್ಟಿ ಅಂಗೈ ಕೆಳಗೆ ತಾನೇ ತಿರುಗುತ್ತ ಕಲ್ಲಿನಗಲ ಹರಡಿತು, ಹಪ್ಪಳದಷ್ಟು ತೆಳ್ಳಗೆ. ಕೈತುಂಬ ಹಿಟ್ಟಿದ್ದರೂ ರೂಬಿ ಚಪ್ಪಾಳೆ ತಟ್ಟಿದಳು.

ಅಷ್ಟರಲ್ಲಿ ಸುಟ್ಟ ವಾಸನೆ ಬಂತು. ಸಕ್ರವ್ವ ಹೊಗೆಗೆ ಕಣ್ಣೊರೆಸಿಕೊಳ್ಳುತ್ತ ನೀರು ಸವರಲು ತಡಮಾಡಿದ್ದಳು. ನಾನು ಅಷ್ಟು ಚಂದ ಬಡಿದ ರೊಟ್ಟಿ ಕರಕಲಾಗಿತ್ತು. ಸಿಟ್ಟು ನೆತ್ತಿಗೇರಿತು. ಕಟ್ಟಿಗೆ ಹಿಂದಕ್ಕೆಳೆ, ಹಂಚಿಗೆ ಹಾಕಿದ ಕೂಡಲೇ ನೀರು ಸವರು ಎಂದು ಕೂಗಿದೆ. ಸಕ್ರವ್ವ ಹಾಗೇ ಮಾಡಿದಳು. ನಾನು ಬಡಿದೆ, ಅವಳು ಬೇಯಿಸಿದಳು. ಟೆಂಪೊ ಹಾರ್ನ್ ಹೊಡೆಯುವ ಹೊತ್ತಿಗೆ ಅಕ್ಕೋರು ಕೊನೆಯ ಕಟ್ಟು ಕಟ್ಟುತ್ತಿದ್ದರು.

ಸಕ್ರವ್ವ ಕೆಂಪೇರಿದ ಮುಖ ಒರೆಸಿಕೊಳ್ಳುತ್ತ ಬಂದು ಪಕ್ಕ ಕೂತಳು.

“ಇಷ್ಟ ಧಗಿಯೊಳಗ ದಿನಾ ಹೆಂಗ ಕುಂದರ್ತಿದ್ದಿ? ಒಂದ ಸಲಾನೂ ಹೇಳಲಿಲ್ಲಲ್ಲ.”

“ನೀ ಕೇಳಲಿಲ್ಲಲ್ಲ ಯಕ್ಕಾ.”

ಕೈ ವಾಸಿಯಾಗಿ ಬಂದ ದಿನ ಅವಳು ನೆಟ್ಟಗೆ ಹೋಗಿ ಒಲೆ ಮುಂದೆ ಕೂತಳು. ಇನ್ನು ಮೇಲೆ ಒಂದು ದಿನ ಮಾಯಾ ಬಡಿಯುವುದು, ಒಂದು ದಿನ ತಾನು ಎಂದು ಅಕ್ಕೋರಿಗೆ ಅವಳೇ ಹೇಳಿದಳು. ನಾನು ಬಡಿಯುತ್ತಿದ್ದ ಹೊತ್ತಿಗೇ ಗಿರಾಕಿಯೊಬ್ಬರು ಬಂದು ಸಕ್ರವ್ವನ ರೊಟ್ಟಿ ಕೇಳಿದರು. ನನ್ನ ಕೈ ಕಲ್ಲಿನ ಮೇಲೇ ನಿಂತಿತು.

ಸಕ್ರವ್ವ ಹಂಚಿನ ಮೇಲಿನ ರೊಟ್ಟಿ ಮಗುಚಿ ಹಾಕಿದಳು.

“ಇವತ್ತ ಮಾಯಾನ ರೊಟ್ಟಿ ಅದಾವ್ರಿ. ಒಯ್ದು ತಿಂದ ನೋಡ್ರಿ.”