ಗಂಡನ ಕೈಯಲ್ಲಿ ಗೊಂಬೆ ತಲೆ

"ರೀ, ಮೇಲಕ್ಕೆ ಹಿಡೀರಿ! ಗೊಂಬೆ ಮೇಲಕ್ಕೆ!" ಎಂದು ಅವಳು ಕೂಗುವಷ್ಟರಲ್ಲಿ ಮೆಟ್ರೋ ರೈಲಿನ ಬಾಗಿಲು ಮುಚ್ಚಿಕೊಂಡಿತು. ಇಳಿಯುವವರ ನೂಕುನುಗ್ಗಲಿಗೆ ಸಿಕ್ಕಿ ಅವಳು ತನ್ನದಲ್ಲದ ನಿಲ್ದಾಣದಲ್ಲಿ ಹೊರಗೆ ಬಿದ್ದಿದ್ದಳು; ಗಂಡ ಒಳಗೇ ಉಳಿದಿದ್ದ. ಗಾಜಿನಾಚೆ ಎಳ್ಳು ಹಾಕಿದರೂ ಕೆಳಗೆ ಬೀಳದಷ್ಟು ಜನ. ಅವರೆಲ್ಲರ ಮೇಲೆ, ಅವನ ಎರಡು ಕೈಗಳ ನಡುವೆ, ಅವಳು ಜಡೆ ಹೆಣೆದಿದ್ದ ಗೊಂಬೆಯ ತಲೆ ಕಂಡಿತು. ಆಮೇಲೆ ಅದೂ ಸರಿದು ಹೋಯಿತು.

ಕೇಶವಿನ್ಯಾಸಕರ ಸಮಾವೇಶಕ್ಕೆ ಬಂದು ಗೊಂಬೆಯ ತಲೆಯ ಮೇಲೆ ನಿಮ್ಮ ಕೆಲಸ ತೋರಿಸಿ ಎಂದು ಕರೆ ಬಂದದ್ದು ಅವಳಿಗೆ. ಅವರ ಊರಿನಲ್ಲಿ ಅಂಥ ಕರೆ ಹಿಂದೆ ಯಾರಿಗೂ ಬಂದಿರಲಿಲ್ಲ, ಗಂಡನಿಗೂ. ಅವನದು ಅಪ್ಪನ ಕಾಲದ ಕ್ಷೌರದಂಗಡಿ. ಮದುವೆಯಾಗಿ ಬಂದ ಮೇಲೆ ಅವಳು ಅಂಗಡಿಯ ಮೂಲೆಗೊಂದು ಪರದೆ ಕಟ್ಟಿಸಿಕೊಂಡು, ಅದರ ಹಿಂದೆ ಹೆಂಗಸರ ತಲೆ ಬಾಚುತ್ತಾ ಬಾಚುತ್ತಾ ಕೆಲಸ ಕಲಿತಳು. ಆದರೆ ಇನ್ನೇನು ಜಡೆ ಮುಗಿಯಿತು ಅನ್ನುವಾಗ ಅವನು ಪರದೆ ಸರಿಸಿ ಬಂದುಬಿಡುತ್ತಿದ್ದ. ಅಲ್ಲೊಂದು ಎಳೆ ಎತ್ತಿ, ಇಲ್ಲೊಂದು ಎಳೆ ಒತ್ತಿ, "ಹಾಂ, ಈಗ ಸರಿಹೋಯ್ತು" ಎನ್ನುತ್ತಿದ್ದ. ಕನ್ನಡಿಯಲ್ಲಿ ಹೆಂಗಸರು ಅವನನ್ನೇ ನೋಡಿ ನಗುತ್ತಿದ್ದರು. ಕೆಟ್ಟವನೇನಲ್ಲ, ಕೈ ಸುಮ್ಮನಿರದು ಅಷ್ಟೆ. ನೆಂಟರ ಮನೆಗೆ ಹೋದರೂ ಅಲ್ಲಿಯ ಮಕ್ಕಳ ಕ್ರಾಪು ತಿದ್ದದೆ ಒಂದು ಲೋಟ ನೀರು ಕುಡಿಯುವವನಲ್ಲ.

ಬೆಳಿಗ್ಗೆ ಹೊರಡುವಾಗಲೇ ಅವಳು ಹೇಳಿದ್ದಳು, "ಇದೊಂದಕ್ಕೆ ಕೈ ಹಾಕ್ಬೇಡಿ. ಸೊಟ್ಟಗಿದ್ರೂ ಪೂರ್ತಿ ನಂದೇ ಇರ್ಲಿ."

"ನಾನ್ಯಾಕೆ ಮುಟ್ಲಿ? ನಾನು ಬರೀ ಹೊರೋನು ತಾನೆ," ಎಂದು ಮುಖ ಊದಿಸಿಕೊಂಡು ಗೊಂಬೆಯನ್ನು ಎತ್ತಿಕೊಂಡಿದ್ದ.

ಈಗ ಗೊಂಬೆ ಅವನ ಕೈಯಲ್ಲಿ. ತಡೆಯಲು ಪಕ್ಕದಲ್ಲಿ ಅವಳಿಲ್ಲ. ಮುಂದಿನ ರೈಲು ಹತ್ತಿ ನಿಂತವಳಿಗೆ, ಅವನ ಬೆರಳುಗಳು ಆ ಹೆಣಿಗೆಯ ಮೇಲೆ ಓಡಾಡುವುದು ಕಣ್ಣಿಗೆ ಕಟ್ಟಿದಂತಾಯಿತು; ಅವಳು ಬಾಗಿಲ ಗಾಜಿನಾಚೆಗೆ ಮತ್ತೆ ಮತ್ತೆ ಇಣುಕಿದಳು.

ಪಕ್ಕದ ಹೆಂಗಸು ಕೇಳಿದಳು, "ಯಾಕಮ್ಮಾ, ಏನಾದ್ರೂ ಕಳ್ಕೊಂಡ್ರಾ?"

"ಒಂದು ತಲೆ. ಯಜಮಾನರ ಕೈಲಿದೆ."

"ಅಯ್ಯೋ, ನಮ್ದೂ ಅಲ್ಲೇ ಇರೋದು ಬಿಡಿ," ಎಂದಳು ಆಕೆ. ಇಬ್ಬರೂ ನಕ್ಕರು. ನಗು ಮುಗಿದದ್ದೇ ಅವಳು ಮತ್ತೆ ಬಾಗಿಲಿನತ್ತ ತಿರುಗಿದಳು.

ಸಮಾವೇಶ ಭವನದ ನಿಲ್ದಾಣ ಬಂತು. ಇಳಿದು ಕಣ್ಣಾಡಿಸಿದರೆ, ಕಂಬದ ಬಳಿ ಸಣ್ಣ ಗುಂಪು. ನಡುವೆ ಮಗುವನ್ನು ಎತ್ತಿಕೊಂಡಂತೆ ಗೊಂಬೆಯನ್ನು ಎದೆಗವಚಿಕೊಂಡು ನಿಂತ ಗಂಡ. ಅವನಿಗೆ ಅವಳು ಕಾಣಿಸಿರಲಿಲ್ಲ.

"ಅಲ್ಲಲ್ಲ, ನಂದಲ್ಲ ಸ್ವಾಮಿ," ಎನ್ನುತ್ತಿದ್ದ. "ನಮ್ಮನೆಯವಳದು. ಕರೆ ಬಂದಿರೋದೂ ಅವಳಿಗೇ. ನಾನು ಗಂಡಸರ ತಲೆ ಕೆರೆಯೋನು, ಇಂಥದ್ದೆಲ್ಲ ನನ್ನ ಕೈಲಿ ಆಗಲ್ಲ."

ಅವಳ ಕಾಲು ನಿಂತಲ್ಲೇ ನಿಂತಿತು. ಇಷ್ಟು ವರ್ಷದ ಸಂಸಾರದಲ್ಲಿ ಅವನ ಬಾಯಿಂದ ಅಂಥ ಮಾತು ಅವಳು ಕೇಳಿರಲಿಲ್ಲ. ಯಾರೋ ಒಬ್ಬರು "ಅದೃಷ್ಟವಂತರು ಬಿಡಿ" ಎಂದರು. ಅವನು ಹೌದೌದೆಂದು ತಲೆಯಾಡಿಸಿದ.

"ಬಂದ್ಯಾ? ಬೇಗ ಬಾರೇ!" ಅವಳನ್ನು ಕಂಡದ್ದೇ ಕೂಗಿಕೊಂಡ. "ಯಾವನೋ ಬೆನ್ನಿನ ಚೀಲ ತಗುಲಿಸಿಬಿಟ್ಟ. ಪಿನ್ನು ಹಾರಿಹೋಯ್ತು. ಬೆರಳು ತೆಗೆದ್ರೆ ಎಲ್ಲಾ ಬಿಚ್ಕೊಳತ್ತೆ."

ಜಡೆಯ ಒಂದು ಸುತ್ತನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದಿದ್ದ. ಒತ್ತಿ ಒತ್ತಿ ಬೆರಳ ತುದಿ ಬೆಳ್ಳಗಾಗಿತ್ತು.

"ಇಷ್ಟು ಹೊತ್ತೂ ಹೀಗೇ ಹಿಡ್ಕೊಂಡು ಬಂದ್ರಾ? ಒಂದು ಪಿನ್ನು ಸಿಗಿಸಬಾರದಿತ್ತಾ? ಜೇಬಲ್ಲಿ ಇದ್ದೇ ಇರತ್ತಲ್ಲ ನಿಮ್ಮತ್ರ."

"ಇದೆ." ಅವನು ಬೇರೆ ಕಡೆ ನೋಡಿದ. "ನೀನು ಹೆಂಗೆ ಹೆಣೆದಿದ್ದೀಯೋ, ಎಲ್ಲಿಗೆ ಸಿಗಿಸ್ಬೇಕೋ. ನಂಗೇನು ಗೊತ್ತು?"

ಅವನಿಗೆ ಗೊತ್ತಿಲ್ಲದೆ ಏನು? ಕಣ್ಣು ಮುಚ್ಚಿಕೊಂಡು ಸಿಗಿಸಬಲ್ಲ. ಅವಳು ಬೆಂಚಿನ ಮೇಲೆ ಕೂತು ಗೊಂಬೆಯನ್ನು ಮಡಿಲಿಗೆ ತೆಗೆದುಕೊಂಡಳು. ಅವನ ಬೆರಳಿನ ಪಕ್ಕಕ್ಕೆ ತನ್ನ ಬೆರಳಿಟ್ಟು ಎಳೆಗಳನ್ನು ಹಿಡಿದುಕೊಂಡ ಮೇಲೆ, "ಹೂಂ, ಈಗ ಬಿಡಿ" ಎಂದಳು. ಸುತ್ತಲಿದ್ದವರು ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಅವನು ಜೇಬಿನಿಂದ ಪಿನ್ನು ತೆಗೆದು ಅವಳ ಕೈಗೆ ಕೊಟ್ಟ.

ಅಷ್ಟರಲ್ಲಿ ಸುರಂಗದ ಬಾಯಿಂದ ಗಾಳಿ ಹೊರಟಿತು. ಇನ್ನೊಂದು ರೈಲು ಬರುತ್ತಿತ್ತು. ಅವನು ಗಡಬಡಿಸಿ ಕೋಟಿನ ಗುಂಡಿ ಬಿಚ್ಚಿ, ಅದರ ಎರಡೂ ಅಂಚುಗಳನ್ನು ಅಗಲವಾಗಿ ಹಿಡಿದು, ರೈಲಿಗೆ ಬೆನ್ನು ಹಾಕಿ ಅವಳೆದುರು ಗೋಡೆಯಂತೆ ನಿಂತ.

"ನಿಧಾನಕ್ಕೆ ಮಾಡು. ಸಮಾವೇಶದ ಬಾಗಿಲೇನು ಓಡಿಹೋಗಲ್ಲ."

ರೈಲು ಧಡಧಡನೆ ಒಳನುಗ್ಗಿತು. ಎಣ್ಣೆ ಹಚ್ಚಿ ಒಪ್ಪವಾಗಿ ಬಾಚಿದ್ದ ಅವನ ತಲೆಗೂದಲು ಗಾಳಿಗೆ ಎದ್ದು ಚೆಲ್ಲಾಪಿಲ್ಲಿಯಾಗಿ ಹಣೆಯ ಮೇಲೆ ಬಂದು ಬಿತ್ತು. ಅವನು ಕೈ ಇಳಿಸಲಿಲ್ಲ.