ಕೆಂಪು ಎಣ್ಣೆ ಮತ್ತು ಚಂದ್ರಾಮಪ್ಪನ ಬೆರಳು

ಗಾಡಿಯ ಗೇರಿಗೆ ಹಾಕುವ ಮೂರು ಡಬ್ಬಿ ಎಣ್ಣೆಗೆ ನಮ್ಮ ರೂಪಾಯಿ ಲೆಕ್ಕದಲ್ಲಿ ಹದಿನೆಂಟು ನೂರು ಬಿದ್ದಿತ್ತು. ತೊಂಬತ್ತನಾಲ್ಕನೇ ಇಸವಿಯಲ್ಲಿ ಅಷ್ಟು ರೊಕ್ಕಕ್ಕೆ ಆಳಂದದ ಬಜಾರದಲ್ಲಿ ಹದಿನೈದು ಕಿಲೋದ ಮೂರು ಡಬ್ಬಿ ಚೊಕ್ಕ ಕುಸುಬಿ ಎಣ್ಣೆ ಬರುತ್ತಿತ್ತು. ಅದು ರೊಕ್ಕದ ಬೆಲೆ. ಇನ್ನೊಂದು ಬೆಲೆಯೂ ಇತ್ತು. ವಿಮಾನದಲ್ಲಿ ಒಬ್ಬನಿಗೆ ಇಷ್ಟೇ ತೂಕ ಎಂದು ಕಟ್ಟುಪಾಡು ಇರುತ್ತದೆ. ಆ ಡಬ್ಬಿಗಳಿಗೆ ಜಾಗ ಮಾಡಲು ಚಮನಬಿಯ ಮಗ ಮೈನೋದ್ದೀನ, ತಾಯಿಗೆಂದು ಕೊಂಡಿದ್ದ ದಪ್ಪ ರಗ್ಗನ್ನೂ ತಂಗಿಯ ಮದುವೆಗೆಂದು ಕೊಂಡಿದ್ದ ಮಿಕ್ಸರನ್ನೂ ಅರಬರ ದೇಶದ ದಮ್ಮಾಮಿನ ತನ್ನ ಕೋಣೆಯಲ್ಲೇ ಬಿಟ್ಟು ಬಂದಿದ್ದ. ಈ ಎರಡನೇ ಬೆಲೆ ಚಂದ್ರಾಮಪ್ಪನಿಗೆ ಗೊತ್ತಾಗಿದ್ದು ತಡವಾಗಿ.

ಚಂದ್ರಾಮಪ್ಪನಿಗೆ ಆಳಂದದಲ್ಲಿ ಎಣ್ಣೆಯ ಮಿಲ್ಲು ಇತ್ತು. ಕುಸುಬಿ ಚೀಲ ಮೈಮೇಲೆ ಬಿದ್ದು ಎಡಗಾಲಿನ ಮೊಣಕಾಲು ಕೆಟ್ಟ ಮೇಲೆ ಅವನಿಂದ ಕ್ಲಚ್ಚು ಒತ್ತುವುದು ಆಗುತ್ತಿರಲಿಲ್ಲ. ಡ್ರೈವರನನ್ನು ಇಟ್ಟುಕೊಂಡರೆ ಡೀಸೆಲ್ಲಿನ ಲೆಕ್ಕ ಎಂದೂ ಕೂಡುವುದಿಲ್ಲ ಎಂಬುದು ಅವನ ಅನುಭವ. ಅಷ್ಟರಲ್ಲಿ, ಭೂಮಿಯೊಳಗಿನ ಖನಿಜ ಹುಡುಕಲು ಬಂದಿದ್ದ ಹೊರದೇಶದ ಕಂಪನಿಯೊಂದು ಕ್ಯಾಂಪು ಕಿತ್ತು ಹೋಗುವಾಗ ತನ್ನ ಪಿಕಪ್ಪನ್ನು ಸೊಲ್ಲಾಪುರದಲ್ಲಿ ಹರಾಜಿಗೆ ಹಾಕಿತು. ಅದಕ್ಕೆ ಕ್ಲಚ್ಚೇ ಇಲ್ಲ, ಗೇರು ತಾನಾಗಿಯೇ ಬದಲಾಗುತ್ತದೆ. ಇದೇನು ಗಾಡಿಯೋ ಎಂದು ಉಳಿದವರು ಹಿಂದೆ ಸರಿದರು. ಒಂದೇ ಕಾಲು ಸಾಕಲ್ಲ ಎಂದು ಚಂದ್ರಾಮಪ್ಪ ಕೂಗಿ ಬಿಡಿಸಿಕೊಂಡ. ಮೂರು ವರ್ಷ ಅಫಜಲಪುರ, ಜೇವರ್ಗಿಯ ಬಜಾರಗಳಿಗೆ ತಾನೇ ಓಡಿಸಿಕೊಂಡು ಹೋಗಿ ಕುಸುಬಿ ತಂದ.

ಹಿಂದಿನ ವರ್ಷ ರಜೆಗೆ ಬಂದಿದ್ದ ಮೈನೋದ್ದೀನ ಆ ಗಾಡಿಯ ಗೇರುಪೆಟ್ಟಿಗೆಯ ಎಣ್ಣೆಯ ಕಡ್ಡಿ ಎಳೆದು ಮೂಸಿ ನೋಡಿದ್ದ. ಅವನಿಗೆ ದಮ್ಮಾಮಿನ ಒಂದು ಗ್ಯಾರೇಜಿನಲ್ಲಿ ಕೆಲಸ.

"ಕಾಕಾ, ಎಣ್ಣಿ ಸುಟ್ಟು ಕರ‍್ರಗಾಗ್ಯದ. ನಮ್ಮ ಬಿಸಲಾಗ ಸಾದಾ ಎಣ್ಣಿ ತಡ್ಯಂಗಿಲ್ರಿ. ಅಲ್ಲಿ ಸಿಂಥೆಟಿಕ್ ಎಣ್ಣಿ ಹಾಕ್ತಾರ, ಕಾರ್ಖಾನ್ಯಾಗ ಮಾಡಿದ್ದು. ಎಂಥಾ ಕಾವಿಗೂ ಕೆಡಂಗಿಲ್ಲ."

"ಮುಂದಿನ ಸಲ ಬರೂ ಮುಂದ ತಗೊಂಡ ಬಾರಲೇ ಮೈನೂ, ರೊಕ್ಕ ಕೊಡ್ತೇನಿ," ಎಂದಿದ್ದ ಚಂದ್ರಾಮಪ್ಪ.

ಹುಡುಗ ಮರೆಯದೆ ತಂದ. ಚಂದ್ರಾಮಪ್ಪ ರೊಕ್ಕ ಎಣಿಸಿ ಕೈಯಲ್ಲಿಟ್ಟ. ಅಲ್ಲಿಗೆ ಎಲ್ಲವೂ ಚೆನ್ನಾಗಿತ್ತು.

ಚಂದ್ರಾಮಪ್ಪನ ಬೆರಳಿನ ವಿಚಾರ ಇಲ್ಲೇ ಹೇಳಬೇಕು. ಎಣ್ಣೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಾಕಿ ತಿಕ್ಕಿ, ಬೆರಳನ್ನು ಮೆಲ್ಲಗೆ ಬಿಡಿಸಿ, ಎಳೆ ಎಷ್ಟು ಬರುತ್ತದೆ ಎಂದು ನೋಡಿ ಇದು ಚೊಕ್ಕ, ಇದು ಕಲಬೆರಕೆ ಎಂದು ಅವನು ಹೇಳಿಬಿಡುತ್ತಿದ್ದ. ಹಳ್ಳಿಹಳ್ಳಿಯಿಂದ ಜನ ಬಾಟಲಿ ಹಿಡಿದು ಬರುತ್ತಿದ್ದರು. ಜೇವರ್ಗಿಯ ಎಣ್ಣೆ ಅಂಗಡಿಗಳಲ್ಲಿ ಜಗಳ ಬಿದ್ದರೆ, ಚಂದ್ರಾಮಪ್ಪ ಬರಲಿ ಎನ್ನುತ್ತಿದ್ದರು. ಅವನ ಬೆರಳು ಹೇಳಿದ ಮೇಲೆ ಮಾತಿಲ್ಲ. ಮಿಲ್ಲಿಗಿಂತ ಆ ಬೆರಳೇ ಅವನಿಗೆ ದೊಡ್ಡ ಆಸ್ತಿ.

ಎಣ್ಣೆ ಬದಲಿಸಿದ್ದು ಸಂತೆಯ ದಿವಸ, ಮಿಲ್ಲಿನ ಮುಂದೆ. ಟ್ರಾಕ್ಟರ್ ರಿಪೇರಿಯ ಧರ್ಮಣ್ಣ ಗಾಡಿಯ ಕೆಳಗೆ ಮಲಗಿ ಹಳೆಯ ಎಣ್ಣೆಯನ್ನು ಕಬ್ಬಿಣದ ಬುಟ್ಟಿಗೆ ಬಿಟ್ಟ. ಡಾಂಬರಿನಂತೆ ಇಳಿಯಿತು. ಸಂತೆಗೆ ಬಂದವರು ಅದೇ ಒಂದು ನೋಟವೆಂದು ಸುತ್ತ ನಿಂತರು. ಮೈನೋದ್ದೀನ ಡಬ್ಬಿಯ ಮುಚ್ಚಳ ತಿರುವಿ ಹೊಸ ಎಣ್ಣೆಯನ್ನು ಒಂದು ಬಟ್ಟಲಿಗೆ ಸುರಿದ. ಕೆಂಪಗೆ, ತಿಳಿಯಾಗಿ, ನೀರು ಬಿದ್ದಂತೆ ಬಿತ್ತು.

ಚಂದ್ರಾಮಪ್ಪನ ಬೆರಳು ತಾನಾಗಿಯೇ ಬಟ್ಟಲಿಗೆ ಇಳಿಯಿತು. ತಿಕ್ಕಿದ. ಬಿಡಿಸಿದ. ಎಳೆ ಬರಲಿಲ್ಲ.

"ಲೇ ಮೈನೂ, ಇದು ಎಣ್ಣಿ ಏನೋ, ಶರಬತ್ತೇನೋ?"

ಜನ ನಕ್ಕರು. ಮೈನೋದ್ದೀನನೂ ನಕ್ಕ. "ಅದು ಹಂಗೇ ಇರ‍್ತದ್ರಿ ಕಾಕಾ. ಸಿಂಥೆಟಿಕ್ ಅಲ್ಲೇನ್ರಿ."

"ಡಬ್ಬಿ ಬಾಯಿ ಸೀಲು ಯಾಕ ಒಡದದ?"

"ಬಾಂಬೇದಾಗ ವಿಮಾನ ಇಳದ ಮ್ಯಾಲ ತಪಾಸಣಿಯವರು ಬಿಚ್ಚಿಸಿ ನೋಡಿದ್ರು."

"ಮೂರೂ?"

"ಮೂರೂ ರೀ."

"ಹಂಗಾದ್ರ ಒಳಗಿಂದು ಬಾಂಬೇದಾಗ ಉಳೀತು, ಡಬ್ಬಿ ಆಳಂದಕ್ಕ ಬಂತು," ಎಂದು ಚಂದ್ರಾಮಪ್ಪ ಸುತ್ತಲಿನವರನ್ನು ನೋಡಿ ಹೇಳಿದ. ಈಗಿನ ನಗೆ ಮೊದಲಿನದಕ್ಕಿಂತ ಜೋರಾಗಿತ್ತು. ಆ ನಗೆಯೇ ಅವನನ್ನು ಮುಂದಕ್ಕೆ ನೂಕಿತು. "ಎಷ್ಟಕ್ಕ ಮಾರಿದಿ? ಖರೇ ಹೇಳು, ನಾ ಏನೂ ಅನ್ನಂಗಿಲ್ಲ. ನಲವತ್ತು ವರ್ಷದಿಂದ ಈ ಬೆರಳು ಸುಳ್ಳು ಹೇಳಿಲ್ಲಪಾ."

ಮೈನೋದ್ದೀನನ ಮುಖ ಕಪ್ಪಿಟ್ಟಿತು. ಡಬ್ಬಿಗಳ ಮುಚ್ಚಳ ಬಿಗಿ ಮಾಡಿ, ಎರಡನ್ನು ಕೈಯಲ್ಲಿ, ಒಂದನ್ನು ಕಂಕುಳಲ್ಲಿ ಹಿಡಿದು ಸಂತೆಯ ನಡುವೆಯೇ ಮನೆಗೆ ನಡೆದ.

ಮಧ್ಯಾಹ್ನ ಮಿಲ್ಲಿಗೆ ಚಮನಬಿ ಬಂದಳು. ಚಂದ್ರಾಮಪ್ಪನ ಮನೆಯ ಬೆನ್ನಿಗೇ ಅವಳ ಮನೆ. ಇಪ್ಪತ್ತು ವರ್ಷ ಅವಳು ಬೇರೆ ಅಂಗಡಿಯ ಎಣ್ಣೆ ಕೊಂಡವಳಲ್ಲ. ಹದಿನೆಂಟು ನೂರನ್ನು ತಕ್ಕಡಿಯ ತಟ್ಟೆಯಲ್ಲಿ ಇಟ್ಟಳು. "ತೂಗಿ ತಗೋರಿ ಚಂದ್ರಾಮಣ್ಣ," ಎಂದಷ್ಟೇ ಹೇಳಿ ಹೊರಟುಹೋದಳು. ಅವನು ತೆಗೆದುಕೊಂಡ.

"ಗೇರಿಗೆ ಈಗ ಏನು ಹಾಕಲ್ರಿ ಸಾವಕಾರ‍್ರ?" ಎಂದು ಧರ್ಮಣ್ಣ ಕೇಳಿದ.

"ಟ್ರಾಕ್ಟರಿಗೆ ಹಾಕೂದೇ ಹಾಕು. ದಪ್ಪಂದು. ಎಳಿ ಬರಬೇಕು."

"ಇಂಥಾ ಗಾಡಿ ನಾ ಬಿಚ್ಚಿಲ್ರಿ. ಆಮ್ಯಾಲ ನನ್ನ ಅನಬ್ಯಾಡ್ರಿ."

"ಹಾಕೋ ಮಾರಾಯಾ, ನಾ ಅದೀನಿ."

ಧರ್ಮಣ್ಣ ಹಾಕಿದ.

ಆ ವಾರವೇ ಅಫಜಲಪುರದಿಂದ ಕುಸುಬಿ ಹೇರಿಕೊಂಡು ಬರುವಾಗ ಭೂಸನೂರಿನ ಹತ್ತಿರ ಗಾಡಿ ನಿಂತಿತು. ಇಂಜಿನ್ನು ಬೊಬ್ಬೆ ಹೊಡೆಯುತ್ತದೆ, ಗಾಲಿ ಕದಲುವುದಿಲ್ಲ. ಕಬ್ಬಿನ ಟ್ರಾಕ್ಟರಿನವನೊಬ್ಬ ಹಗ್ಗ ಕಟ್ಟಿ ಆಳಂದದ ತನಕ ದರದರ ಎಳೆದು ತಂದ. ಇಂಥ ಗಾಡಿಯನ್ನು ಹಾಗೆ ಎಳೆಯಬಾರದಂತೆ. ಅದೂ ಆಮೇಲೆ ಗೊತ್ತಾಯಿತು. ಲಾರಿಯ ಮೇಲೆ ಹೇರಿ ಸೊಲ್ಲಾಪುರಕ್ಕೆ ಒಯ್ದರೆ, ಅಲ್ಲಿಯ ಗ್ಯಾರೇಜಿನವರು ಗೇರುಪೆಟ್ಟಿಗೆ ಬಿಚ್ಚಿ, ದಪ್ಪ ಎಣ್ಣೆಗೆ ಒಳಗಿನದೆಲ್ಲ ಸುಟ್ಟಿದೆ, ಸಾಮಾನು ಈ ದೇಶದಲ್ಲಿ ಸಿಗುವುದಿಲ್ಲ ಎಂದರು.

ಚಂದ್ರಾಮಪ್ಪ ಒಂದು ಸ್ಟೂಲಿನ ಮೇಲೆ ಕೆಟ್ಟ ಕಾಲು ಚಾಚಿ ಕೂತಿದ್ದ. ಪಕ್ಕದಲ್ಲಿ ಯಾರದೋ ದೊಡ್ಡ ಪರದೇಶದ ಕಾರು ನಿಂತಿತ್ತು. ಅದರ ಗೇರಿಗೆ ಎಣ್ಣೆ ಹಾಕಲು ಒಬ್ಬ ಹೊಸ ಡಬ್ಬಿ ತಂದ. ಬಾಯಿಗೆ ಅಂಟಿದ್ದ ಬೆಳ್ಳಿಯ ಕಾಗದ ಹಾಗೇ ಇತ್ತು. ಅವನು ಅದನ್ನು ಉಗುರಿನಿಂದ ಹರಿದು ಓರೆ ಮಾಡಿದ. ಕೆಂಪಗೆ, ತಿಳಿಯಾಗಿ, ನೀರು ಬಿದ್ದಂತೆ ಬಿತ್ತು.

ಚಂದ್ರಾಮಪ್ಪ ಎದ್ದು ಕುಂಟುತ್ತ ಹೋದ. "ತಮ್ಮಾ, ಒಂದೀಟು ಬೆರಳಿಗೆ ಹಾಕು."

ತಿಕ್ಕಿದ. ಬಿಡಿಸಿದ. ಎಳೆ ಬರಲಿಲ್ಲ. ಬೆರಳು ಆಳಂದದಲ್ಲಿ ಹೇಳಿದ್ದನ್ನೇ ಇಲ್ಲಿಯೂ ಹೇಳಿತು. ಇನ್ನೊಂದು ಸಲ ತಿಕ್ಕಿದ. ಯಾರೂ ಅವನ ಕಡೆ ನೋಡುತ್ತಿರಲಿಲ್ಲ, ಆದರೂ ಕೈಯನ್ನು ಧೋತರಕ್ಕೆ ಒರೆಸಿ ಹಿಂದೆ ಮರೆಮಾಡಿಕೊಂಡ. ಅಂಥದೇ ಒಂದು ಡಬ್ಬಿಯನ್ನು ಕೊಂಡು ಬಸ್ಸು ಹತ್ತಿದ.

ಮನೆಗೆ ಬಂದಾಗ ಹೆಂಡತಿ ಸುಭದ್ರಾಬಾಯಿ ನೀರು ಕೊಟ್ಟು, ನಿಂತಲ್ಲೇ ಹೇಳಿದಳು. "ಚಮನಬಿ ಮಗಳ ಲಗ್ನ ನಿಂತಂಗೇ ಕಾಣತದ. ಜೇವರ್ಗಿ ಬೀಗರು ಹೇಳಿ ಕಳಿಸ್ಯಾರಂತ."

"ಯಾಕ?"

"ಯಾಕ ಅಂತ ನನ್ನ ಕೇಳ್ತೀರಿ? ಹುಡುಗನ ಅಪ್ಪ ಎಣ್ಣಿ ಅಂಗಡಿ ಲಾಲಅಹ್ಮದ ಸಾಹೇಬರು. ನಿಮ್ಮ ಗಿರಾಕಿ. ಚಂದ್ರಾಮಪ್ಪನ ಬೆರಳು ಹೇಳಿದ ಮ್ಯಾಲ ಖರೇನ ಇರ್ತದ, ಕಳ್ಳರ ಮನಿ ಹೆಣ್ಣು ನಮಗ ಬ್ಯಾಡ ಅಂದ್ರಂತ." ನಂತರ ಸ್ವಲ್ಪ ತಡೆದು, "ಆ ಹುಡುಗ ತಾಯಿ ರಗ್ಗು ಬಿಟ್ಟು, ತಂಗಿ ಮಿಕ್ಸರ್ ಬಿಟ್ಟು ನಿಮ್ಮ ಡಬ್ಬಿ ಹೊತ್ತು ಬಂದಿದ್ದನಂತ," ಎಂದಳು.

ಚಂದ್ರಾಮಪ್ಪ ನೀರಿನ ತಂಬಿಗೆಯನ್ನು ಕುಡಿಯದೆ ಕೆಳಗಿಟ್ಟ. ಹಿತ್ತಲ ಬಾಗಿಲಿನಿಂದ ಹೋದರೆ ಚಮನಬಿಯ ಮನೆಗೆ ನಾಲ್ಕು ಮಾರು. ಅವನು ಬೀದಿ ಸುತ್ತಿ ಮುಂಬಾಗಿಲಿಗೆ ಹೋದ.

ಮೈನೋದ್ದೀನನೇ ಬಾಗಿಲು ತೆಗೆದ. "ಬರ‍್ರಿ ಕಾಕಾ," ಎಂದು ಕುರ್ಚಿ ಒರೆಸಿ ಹಾಕಿದ, ಕಾಲು ಚಾಚಲು ಎದುರಿಗೆ ಒಂದು ಮಣೆಯನ್ನೂ ಇಟ್ಟ. ಬೈದಿದ್ದರೆ ಚಂದ್ರಾಮಪ್ಪನಿಗೆ ಹಗುರಾಗುತ್ತಿತ್ತು. ಮೂರು ಡಬ್ಬಿಗಳು ಮೂಲೆಯಲ್ಲಿ ಇದ್ದವು. ಅವನು ರೊಕ್ಕ ತೆಗೆದು ಚಮನಬಿಯ ಮುಂದೆ ಹಿಡಿದ.

"ತಪ್ಪಾತು ಚಮನಬಿ. ಸೊಲ್ಲಾಪುರದಾಗ ನೋಡಿದೆ. ಆ ಎಣ್ಣಿ ಹಂಗೇ ಇರ್ತದ."

ಅವಳು ಕೈ ಚಾಚಲಿಲ್ಲ. "ಬಜಾರದಾಗ ಅಂದ್ರಿ, ಚಂದ್ರಾಮಣ್ಣ. ಆ ಮಾತು ಮನಿಯೊಳಗ ಬಂದು ವಾಪಸ್ ತಗೋತೀರೇನು?"

ಅವನು ರೊಕ್ಕವನ್ನು ತಿರುಗಿ ಮಡಿಚಿಕೊಂಡ. ಒಂದು ಡಬ್ಬಿಯನ್ನು ಕೇಳಿ ತೆಗೆದುಕೊಂಡ.

ಮರುದಿನ ಜೇವರ್ಗಿಯ ಬಸ್ಸಿನಲ್ಲಿ ಎರಡು ಡಬ್ಬಿಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತವನು ದಾರಿಯುದ್ದಕ್ಕೂ ಮಾತು ಜೋಡಿಸುತ್ತಲೇ ಇದ್ದ. ಅಂದು ಕಣ್ಣಿಗೆ ಬಿಸಿಲು ಹೊಡೆಯುತ್ತಿತ್ತು ಎನ್ನಬಹುದು. ಧರ್ಮಣ್ಣನೇ ಸಂಶಯ ಹುಟ್ಟಿಸಿದ ಎನ್ನಬಹುದು. ಚಾಷ್ಟಿಗೆ ಅಂದೆ, ಜನ ಖರೆ ಮಾಡಿಕೊಂಡರು ಎಂದರೂ ನಡೆಯುತ್ತದೆ. ವ್ಯಾಪಾರಸ್ಥನಿಗೆ ಮಾತಿನ ಬರವೇ? ಗುಲಬರ್ಗಾ ದಾಟುವಷ್ಟರಲ್ಲಿ ಮೂರೂ ಬಾಯಿಪಾಠ ಆಗಿದ್ದವು. ಬೆರಳು ತಪ್ಪಿತು ಎಂಬ ಮಾತೊಂದನ್ನು ಮಾತ್ರ ಅವನು ಜೋಡಿಸಿಕೊಂಡಿರಲಿಲ್ಲ. ಜೇವರ್ಗಿಯಲ್ಲಿ ಅದನ್ನು ಹೇಳಿದರೆ ನಾಳೆ ಯಾವ ಅಂಗಡಿಯವನೂ ಅವನ ಬೆರಳಿಗೆ ಬೆಲೆ ಕೊಡುವುದಿಲ್ಲ.

ಲಾಲಅಹ್ಮದ ಸಾಹೇಬರ ಅಂಗಡಿಯಲ್ಲಿ ಐದಾರು ಗಿರಾಕಿಗಳಿದ್ದರು. "ಬರ‍್ರಿ ಬರ‍್ರಿ ಸಾವಕಾರ‍್ರ, ಗಾಡಿ ಎಲ್ಲಿ? ಬಸ್ಸಿಗೆ ಬಂದೀರೇನು?" ಎಂದು ಸಾಹೇಬರು ಗಾದಿಯಿಂದ ಎದ್ದರು.

ಚಂದ್ರಾಮಪ್ಪ ಕೂಡಲಿಲ್ಲ. ಸೊಲ್ಲಾಪುರದ ಡಬ್ಬಿಯ ಬೆಳ್ಳಿ ಕಾಗದವನ್ನು ಅವರ ಕೈಯಿಂದಲೇ ಹರಿಸಿದ. ಎರಡೂ ಡಬ್ಬಿಗಳಿಂದ ಎರಡು ಬಟ್ಟಲಿಗೆ ಸುರಿದ. "ಬೆರಳು ಹಾಕ್ರಿ."

ಸಾಹೇಬರು ಹಾಕಿದರು. ಮೂಸಿದರು. "ಎರಡೂ ಒಂದೇ ಅವ."

"ಇದು ಸೊಲ್ಲಾಪುರದ್ದು. ಇದು ಮೈನೋದ್ದೀನ ತಂದಿದ್ದು."

ಗಿರಾಕಿಗಳು ಹತ್ತಿರ ಬಂದರು. ಚಂದ್ರಾಮಪ್ಪ ಗಂಟಲು ಸರಿ ಮಾಡಿಕೊಂಡ. "ಅವತ್ತ ಏನಾತಂದ್ರ ಸಾಹೇಬರ, ಧರ್ಮಣ್ಣ ಏನಂದಾ..." ಎಂದು ಆರಂಭಿಸಿದವನು ಅಲ್ಲಿಗೇ ನಿಂತ. ಧರ್ಮಣ್ಣ ಏನೂ ಅಂದಿರಲಿಲ್ಲ. "ಧರ್ಮಣ್ಣ ಏನೂ ಅಂದಿಲ್ರಿ. ನಾನೇ ಅಂದೆ. ಕುಸುಬಿ ಎಣ್ಣಿ ನೋಡೂ ಬೆರಳಿನಿಂದ ಗಾಡಿ ಎಣ್ಣಿ ನೋಡಿದೆ. ಹುಡುಗ ಚೊಕ್ಕ ಮಾಲು ತಂದಿದ್ದ. ನನ್ನ ಬೆರಳು ತಪ್ಪಿತು."

ಅಂಗಡಿಯಲ್ಲಿ ಯಾರೂ ನಗಲಿಲ್ಲ. ಸಾಹೇಬರು ಬಟ್ಟಲುಗಳನ್ನು ಬದಿಗೆ ಸರಿಸಿದರು.

"ಲಗ್ನ ನಿಂದ್ರಂಗಿಲ್ಲ. ಇವತ್ತೇ ಹೇಳಿ ಕಳಿಸ್ತೇನಿ," ಎಂದರು. ಆಮೇಲೆ ಮೆಲ್ಲಗೆ ಕೇಳಿದರು, "ಒಂದು ಮಾತು, ಸಾವಕಾರ‍್ರ. ಹೋದ ವರ್ಷ ನನ್ನ ಎರಡು ಡಬ್ಬಿ ಕಲಬೆರಕಿ ಅಂತ ನೀವು ಅಂದ್ರಿ. ನಾ ಅಫಜಲಪುರದ ಗಾಣದವನ ಸಂಗಟ ವ್ಯವಹಾರನೇ ಬಿಟ್ಟೆ. ಅದು ಖರೇನ ಇತ್ತೇನು?"

ಚಂದ್ರಾಮಪ್ಪ ತನ್ನ ಹೆಬ್ಬೆರಳನ್ನು ನೋಡಿಕೊಂಡ. ಕುಸುಬಿಯ ವಿಚಾರದಲ್ಲಿ ಬೆರಳು ತಪ್ಪಿರಲಿಕ್ಕಿಲ್ಲ. ಆದರೆ ಗಾಡಿಯ ಎಣ್ಣೆಯ ದಿವಸವೂ ಅವನಿಗೆ ಇಷ್ಟೇ ನಂಬಿಕೆ ಇತ್ತು.

"ಗೊತ್ತಿಲ್ರಿ," ಎಂದ.

ಲಗ್ನ ಆಯಿತು. ಚಂದ್ರಾಮಪ್ಪನಿಗೂ ಕರೆ ಬಂದಿತ್ತು; ಹೋಗಿ ಉಡುಗೊರೆಯಾಗಿ ಒಂದು ಮಿಕ್ಸರು ಓದಿಸಿ, ಉಂಡು ಬಂದ. ಅದೇ ತಿಂಗಳು ಮೈನೋದ್ದೀನ ದಮ್ಮಾಮಿಗೆ ಮರಳಿದ. ಹೋಗುವಾಗ ಬೀದಿಯ ಎಲ್ಲರನ್ನೂ ಏನು ತರಲಿ ಎಂದು ಕೇಳಿದ, ಚಂದ್ರಾಮಪ್ಪನನ್ನು ಕೇಳಲಿಲ್ಲ. ಪಿಕಪ್ಪು ಗುಜರಿಗೆ ಹೋಯಿತು, ಡ್ರೈವರನನ್ನು ಇಟ್ಟುಕೊಳ್ಳಬೇಕಾಯಿತು. ಬಾಟಲಿ ಹಿಡಿದು ಬರುವವರು ಕಡಿಮೆಯಾದರು. ಬಂದ ಒಬ್ಬಿಬ್ಬರೂ ಅವನು ಬೆರಳು ತಿಕ್ಕುವಾಗ, "ಶರಬತ್ತೇನ್ರಿ ಸಾವಕಾರ‍್ರ?" ಎಂದು ಕೇಳುತ್ತಿದ್ದರು. ಚಮನಬಿ ಮೊದಲಿನಂತೆಯೇ ಮಾತಾಡಿಸುತ್ತಿದ್ದಳು, ಹಿತ್ತಲಿನಿಂದ ಮೊದಲಿನಂತೆಯೇ ಕರಿಬೇವು ಒಯ್ಯುತ್ತಿದ್ದಳು. ಎಣ್ಣೆಯನ್ನು ಮಾತ್ರ ಬೇರೆ ಅಂಗಡಿಯಿಂದ ತಂದಳು. ಒಂದು ಹುಡುಗಿಯ ಲಗ್ನ ಉಳಿಯಿತು, ಒಬ್ಬ ಹುಡುಗನ ಹೆಸರು ಚೊಕ್ಕವಾಯಿತು. ಗಾಡಿ ಹೋಯಿತು, ಬೆರಳಿನ ಮಾತು ಹೋಯಿತು, ಇಪ್ಪತ್ತು ವರ್ಷದ ಒಬ್ಬ ಗಿರಾಕಿ ಹೋದಳು.